ಬೆಂಗಳೂರಲ್ಲಿ ಅಮ್ಮನನ್ನು ಎಲ್ಲಿಗೆ ಕರ್ಕೊಂಡು ಹೋಗಲಿ? ಪರಿಷೆ, ಸಂಗೀತ ಕಛೇರಿ, ಯಕ್ಷಗಾನದ ಆಟ – ಹೋಗಿ ಬಂದವರು ಹೇಳಿ

ತೀರ್ಥಹಳ್ಳಿ ಕಡೆಯಿಂದ ಬೆಂಗಳೂರಿಗೆ ಬಂದು ಎಂಟು ತಿಂಗಳಾಯ್ತು. ಬನಶಂಕರಿ ಹತ್ತಿರ ಬಾಡಿಗೆ ಮನೆ. ಅಮ್ಮನಿಗೆ 68, ಮಂಡಿನೋವು. ಮಗಳಿಗೆ 9, ಮಗನಿಗೆ 4. ಊರಲ್ಲಿದ್ದಾಗ ಅಮ್ಮ ಸುತ್ತಮುತ್ತಲಿನ ಒಂದು ತಾಳಮದ್ದಳೆಯನ್ನೂ (ವೇಷವಿಲ್ಲದೆ, ಕೂತು ಹಾಡು-ಮಾತಲ್ಲೇ ನಡೆಸೋ ಯಕ್ಷಗಾನ) ಬಿಟ್ಟವರಲ್ಲ. ಇಲ್ಲಿ ಸಂಜೆ ಆರಾದರೆ ಟಿವಿ ಮುಂದೆ. ಮೊನ್ನೆ “ಇಷ್ಟು ದೊಡ್ಡ ಊರಲ್ಲಿ ಯಾರೂ ಏನೂ ಮಾಡೋದಿಲ್ವೇನೋ” ಅಂದ್ರು. ಮಾಡ್ತಾರೆ ಅಂತ ನನಗೆ ಗೊತ್ತು. ಆದ್ರೆ ಯಾರದ್ದೋ ಸ್ಟೇಟಸ್ ನೋಡಿ ನಮಗೆ ತಿಳಿಯೋ ಹೊತ್ತಿಗೆ ಎಲ್ಲ ಮುಗಿದಿರತ್ತೆ. ಕಾರ್ತಿಕದಲ್ಲಿ ಕಡಲೆಕಾಯಿ ಪರಿಷೆಗೆ ಅಂತ ಹೊರಟು, ಜನಸಾಗರ ನೋಡಿ ಆಟೋದಿಂದ ಇಳಿಯದೇ ವಾಪಸ್ ಬಂದ್ವಿ.

ಮೊದಲೇ ಗೊತ್ತು ಮಾಡಿಕೊಳ್ಳೋದು ಹೇಗೆ? ವಯಸ್ಸಾದವರನ್ನೂ ಚಿಕ್ಕ ಮಕ್ಕಳನ್ನೂ ಒಟ್ಟಿಗೆ ಕರ್ಕೊಂಡು ಹೋಗುವಂಥದ್ದು ಯಾವುದು? ನೀವು ಹೋಗಿ ನೋಡಿದ್ದು ಹೇಳಿ. ಕೇಳಿದ್ದು ಬೇಡ.

ಬಸವನಗುಡಿಯಲ್ಲಿ 40 ವರ್ಷದಿಂದ ಇರುವವರು

ನೀವು ಬಂದದ್ದು ಸೋಮವಾರ ಸಂಜೆ ಇರಬೇಕು. ನಾವು ಇಲ್ಲಿಯವರೇ ಆ ಹೊತ್ತಿಗೆ ಹೊರಗೆ ಕಾಲಿಡಲ್ಲ! ಪರಿಷೆ ಕಾರ್ತಿಕದ ಕೊನೇ ಸೋಮವಾರ, ಸರಿ. ಆದ್ರೆ ಈಗೀಗ ಶನಿವಾರಕ್ಕೇ ಬುಲ್ ಟೆಂಪಲ್ ರಸ್ತೆಯ ಎರಡೂ ಕಡೆ ರಾಶಿ ಬಿದ್ದಿರತ್ತೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಬನ್ನಿ. ರಾಮಕೃಷ್ಣ ಆಶ್ರಮದ ಕಡೆಯಿಂದ ಬೇಡ, ನಿಮಗೆ ಎನ್.ಆರ್. ಕಾಲೋನಿ ಕಡೆಯಿಂದ ಬರೋದು ಸುಲಭ. ದೊಡ್ಡ ಗಣಪತಿ ಕೆಳಗೇ ಇದ್ದಾನೆ, ಅಮ್ಮ ಆರಾಮಾಗಿ ನೋಡಬಹುದು. ಬಸವನ ಗುಡಿಗೆ ಮಾತ್ರ ಮೆಟ್ಟಿಲು ಹತ್ತಬೇಕು. ಅಲ್ಲಿಗೆ ಮಕ್ಕಳನ್ನ ಯಾರಾದ್ರೂ ಒಬ್ಬರು ಕರ್ಕೊಂಡು ಹೋಗಿ. ಸುಂಕೇನಹಳ್ಳಿ ರೈತರ ಕಡಲೆಕಾಯಿ ಹೊಲಕ್ಕೆ ರಾತ್ರಿ ಹೊತ್ತು ನುಗ್ಗುತ್ತಿದ್ದ ಬಸವನ ಕಥೆ ಹೇಳಿ, ಆಮೇಲೆ ಆ ಕಲ್ಲಿನ ಬಸವನ ಮುಂದೆ ನಿಲ್ಲಿಸಿ. ನನ್ನ ಮೊಮ್ಮಗ “ಇಷ್ಟು ದೊಡ್ಡವನಾದ್ರೆ ಹೊಲ ಪೂರ್ತಿ ಒಂದೇ ರಾತ್ರಿಗೆ ಖಾಲಿ” ಅಂದ.

ಕೊಳ್ಳೋ ಮುಂಚೆ ಎರಡು ಕಾಯಿ ಬಿಡಿಸಿ ಬಾಯಿಗೆ ಹಾಕಿಕೊಳ್ಳಿ, ಯಾರೂ ಏನೂ ಅನ್ನಲ್ಲ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಗಲಗಲ ಅಂದ್ರೆ ಒಣಗಿದ್ದು. ಹಸಿಕಾಯಿ ಬೇಯಿಸೋಕೆ, ಒಣಗಿದ್ದು ಹುರಿಯೋಕೆ. ಅಳತೆ ಡಬ್ಬದ ಮೇಲೆ ಕಣ್ಣಿರಲಿ, ಕೆಲವರು ತಳಕ್ಕೆ ಏನಾದ್ರೂ ತುರುಕಿರ್ತಾರೆ. ಮಗನ ಕೈ ಮೇಲೆ ಪೆನ್ನಿಂದ ನಿಮ್ಮ ಫೋನ್ ನಂಬರ್ ಬರೀರಿ. ಇನ್ನು ಆ ಪೀಪಿ! ಹುಡುಗರು ಕಿವಿ ಹತ್ತಿರವೇ ಊದ್ತಾರೆ. ಒಂದು ವರ್ಷ ಯಾರೋ ಊದಿದ್ದಕ್ಕೆ ನಮ್ಮ ಯಜಮಾನರು ಬೆಚ್ಚಿ ಕೈಯಲ್ಲಿದ್ದ ಎರಡು ಸೇರು ಕಾಯಿ ರಸ್ತೆಗೆ ಚೆಲ್ಲಿದ್ರು. ಅದಕ್ಕೇ ಬೆಳಿಗ್ಗೆ ಬನ್ನಿ ಅಂದಿದ್ದು.

ತಿಳಿಯೋದು ಹೇಗೆ ಅಂದ್ರಲ್ಲ, ಗೋಡೆಗೆ ಒಂದು ಪಂಚಾಂಗದ ಕ್ಯಾಲೆಂಡರ್ ತೂಗುಹಾಕಿ. ಇಲ್ಲಿನ ದೊಡ್ಡ ಹಬ್ಬಗಳಲ್ಲಿ ಅರ್ಧಕ್ಕರ್ಧ ತಿಥಿ ಮೇಲೆ ನಡೆಯೋದು. ಇಂಗ್ಲಿಷ್ ತಾರೀಕು ನೆನಪಿಟ್ಟರೆ ಪ್ರತಿ ವರ್ಷ ತಪ್ಪತ್ತೆ.

ಚಾಮರಾಜಪೇಟೆ, ಸಂಗೀತದ ಹುಚ್ಚು

ರಾಮನವಮಿ ಅಂದ್ರೆ ನಮಗೆ ಒಂದು ದಿನದ ಹಬ್ಬ ಅಲ್ಲ, ಹತ್ತಿರ ಹತ್ತಿರ ಒಂದು ತಿಂಗಳು. ಶ್ರೀ ರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದಿದೆ. ಫೋರ್ಟ್ ಹೈಸ್ಕೂಲ್ ಮೈದಾನದಲ್ಲಿ ಚಪ್ಪರ ಹಾಕಿ ಕಛೇರಿ. ಮೆಟ್ರೋದಲ್ಲಿ ಬಂದರೆ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಿಂದ ನಡೆಯುವಷ್ಟೇ ದೂರ. ಮೊದಲ ಸಲ ಬರೋರು ಮುಂದಿನ ಸಾಲಿಗೆ ಆಸೆಪಡಬೇಡಿ. ಹಿಂದೆ, ಅಂಚಿನ ಕುರ್ಚಿ ಹಿಡಿಯಿರಿ. ಮಗು ಅತ್ತರೆ ಎದ್ದು ಹೋಗಬಹುದು, ಅಮ್ಮ ಕಾಲು ಚಾಚಬಹುದು. ನನ್ನ ಮಗಳು ಮೂರು ವರ್ಷ ಆ ಮೈದಾನದಲ್ಲಿ ಕೇಳಿದ್ದಕ್ಕಿಂತ ನಿದ್ದೆ ಮಾಡಿದ್ದೇ ಹೆಚ್ಚು. ನಾಲ್ಕನೇ ವರ್ಷ, ತಾಳವಾದ್ಯದವರಷ್ಟೇ ನುಡಿಸೋ ತನಿ ಆವರ್ತನ ಶುರುವಾಗಿ, ಜನ ಕಾಫಿಗೆ ಎದ್ದು ಹೋದ್ರೆ ಇವಳು ಕೂತಲ್ಲೇ ತೊಡೆ ಮೇಲೆ ತಾಳ ಹಾಕ್ತಾ ಇದ್ದಳು. ಎಂಟು ಅಕ್ಷರದ ಆದಿತಾಳವನ್ನು ಒಂಬತ್ತು ಮಾಡಿದ್ದಳು, ಅದು ಬೇರೆ ಮಾತು.

ನಿಮ್ಮ ಮಾತಲ್ಲಿ ನನಗೆ ಕಂಡದ್ದು ಇನ್ನೊಂದು. ಅಮ್ಮ ಊರಲ್ಲಿ ದೇವರನಾಮ ಹೇಳ್ತಿದ್ರಾ? ಹೌದಾದ್ರೆ ಕೇಳುಗರಾಗಿ ಮಾತ್ರ ಕರ್ಕೊಂಡು ಹೋಗಬೇಡಿ. ಪುಷ್ಯ ಬಹುಳ ಪಂಚಮಿಗೆ ತ್ಯಾಗರಾಜರ ಆರಾಧನೆ, ಅದೇ ತಿಂಗಳ ಅಮಾವಾಸ್ಯೆಗೆ ಪುರಂದರದಾಸರದ್ದು. ಬಡಾವಣೆಯ ಸಣ್ಣ ಸಣ್ಣ ರಾಮಮಂದಿರಗಳಲ್ಲೂ ಎಲ್ಲರೂ ಸೇರಿ ಹಾಡೋ ಗೋಷ್ಠಿಗಾಯನ ಇರತ್ತೆ. ತ್ಯಾಗರಾಜರ ಪಂಚರತ್ನ ಕೃತಿಗಳಿಗೆ ನಾಟ, ಗೌಳ, ಆರಭಿ, ವರಾಳಿ, ಶ್ರೀ ಅಂತ ಐದೂ ರಾಗ ಗಟ್ಟಿ ಬರಬೇಕು. ದಾಸರ ಪದಗಳಿಗೆ ಹಾಗಿಲ್ಲ, ಸೀರೆ ಸೆರಗು ಸರಿಮಾಡಿಕೊಂಡು ಜಮಖಾನದ ಮೇಲೆ ಹೋಗಿ ಕೂತರಾಯ್ತು. ನಮ್ಮತ್ತೆ ಧಾರವಾಡದಿಂದ ಬಂದು ಎರಡು ವರ್ಷ ಯಾರ ಹತ್ತಿರವೂ ಮಾತಾಡಿರಲಿಲ್ಲ. ಒಂದು ಆರಾಧನೆ ದಿನ ಪಕ್ಕದವರ ಪುಸ್ತಕ ನೋಡಿ ದನಿ ಸೇರಿಸಿದ್ರು. ಮಂಗಳವಾರದ ಭಜನೆಗೆ ಬನ್ನಿ ಅಂತ ಆ ಪಕ್ಕದವರೇ ಕರೆದ್ರು. ಈಗ ಅತ್ತೆ ಮನೇಲಿ ಸಿಗೋದೇ ಕಷ್ಟ.

ನಗರ್ತಪೇಟೆ

ಕರಗ ನೋಡಲೇಬೇಕು ಅಂತ ಯಾರಾದ್ರೂ ಇಲ್ಲಿ ಬರೀತಾರೆ, ಅದಕ್ಕೆ ಮೊದಲೇ ಹೇಳ್ತೀನಿ: ಈ ಸಲ ಬೇಡ. ಚೈತ್ರ ಹುಣ್ಣಿಮೆ ರಾತ್ರಿ, ತಲೆ ಮೇಲೆ ಹೊತ್ತು ತರುವ ದ್ರೌಪದಮ್ಮನ ಹೂವಿನ ಕರಗ ಧರ್ಮರಾಯನ ಗುಡಿಯಿಂದ ಹೊರಬೀಳೋ ಹೊತ್ತಿಗೆ ನಡುರಾತ್ರಿ ದಾಟಿರತ್ತೆ. ಎಷ್ಟು ಹೊತ್ತಿಗೆ ಅಂತ ಯಾರೂ ಗ್ಯಾರಂಟಿ ಕೊಡಲ್ಲ. ಕರಗದ ಕಾವಲಿನ ವೀರಕುಮಾರರು ಕತ್ತಿ ಹಿಡಿದು ಗೋವಿಂದ ಗೋವಿಂದ ಅನ್ನುತ್ತಾ ನುಗ್ಗಿದ ಕೂಡಲೇ ಜನ ಒಮ್ಮೆಗೇ ಹಿಂದೆ ಸರಿಯುತ್ತಾರೆ. ಮಂಡಿನೋವಿನವರಿಗೂ ನಾಲ್ಕು ವರ್ಷದವನಿಗೂ ಅದು ಜಾಗ ಅಲ್ಲ. ಆ ಹೊತ್ತಿಗೆ ಮೆಟ್ರೋನೂ ಇರಲ್ಲ. ಕರಗ ಹೋಗೋ ದಾರಿಯಲ್ಲಿ ಪರಿಚಯದವರ ಮನೆ ಇದ್ದು, ಮಹಡಿ ಮೇಲೆ ಕುರ್ಚಿ ಸಿಕ್ಕರೆ ಮಾತ್ರ ಬನ್ನಿ. ಮಲ್ಲಿಗೆ ಮೊದಲು ಮೂಗಿಗೆ ಬರತ್ತೆ, ಆಮೇಲೆ ಕರಗ ಕಣ್ಣಿಗೆ. ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿಬರತ್ತೆ ಅನ್ನೋದನ್ನ ಮಗಳಿಗೆ ಹೇಳಿ. ಸದ್ಯಕ್ಕೆ, ಹುಣ್ಣಿಮೆಗೆ ಮುಂಚಿನ ದಿನಗಳಲ್ಲಿ ಬೆಳಿಗ್ಗೆ ಗುಡಿಗೆ ಬಂದು ದ್ರೌಪದಮ್ಮನ ದರ್ಶನ ಮಾಡಿಕೊಂಡು ಹೋಗಿ.

ಹವ್ಯಾಸಿ ರಂಗತಂಡದಲ್ಲಿರುವವನು

ಜೆ.ಪಿ. ನಗರದ ರಂಗಶಂಕರ ನಿಮ್ಮ ಮನೆಗೆ ದೂರವಿಲ್ಲ. 2004ರಿಂದ ಇದೆ. ಸೋಮವಾರ ಬಿಟ್ಟು ಉಳಿದ ದಿನ ಸಾಮಾನ್ಯವಾಗಿ ನಾಟಕ ಇದ್ದೇ ಇರತ್ತೆ. ಏಳೂವರೆ ಅಂದ್ರೆ ಏಳೂವರೆ. ಬಾಗಿಲು ಹಾಕಿದ ಮೇಲೆ ಬಿಡಲ್ಲ. ನಮ್ಮ ತಂಡದವನೇ ಆಗಿ ನಾನು ಏಳು ಮೂವತ್ನಾಲ್ಕಕ್ಕೆ ಹೊರಗೆ ನಿಂತಿದ್ದೀನಿ, ತಪ್ಪು ನನ್ನದೇ. ಮಗಳಿಗೆ ಸರಿ, ಮಗನ ಬಗ್ಗೆ ಟಿಕೆಟ್ ತಗೊಳ್ಳುವಾಗಲೇ ಕೇಳಿ.

ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದ್ದು ಬೇರೆ ಗಡಿಯಾರ. ಅಲ್ಲಿ ಉಚಿತ ಕಾರ್ಯಕ್ರಮ ಬೇಕಾದಷ್ಟು ಇರ್ತವೆ. ಆಹ್ವಾನ ಪತ್ರಿಕೆಯಲ್ಲಿ ಐದೂವರೆ ಅಂತ ಇದ್ದರೆ ಮೊದಲು ಅತಿಥಿಗಳ ಹೆಸರು ಎಣಿಸಿ. ಒಬ್ಬೊಬ್ಬರಿಗೆ ಹತ್ತು ನಿಮಿಷ, ಸನ್ಮಾನಕ್ಕೆ ಅರ್ಧ ಗಂಟೆ. ಆರು ಹೆಸರಿದ್ದರೆ ಏಳಕ್ಕೆ ಹೋಗಿ ತಲುಪಿದರೂ ಸಾಕು. ಪತ್ರಿಕೆಯ ‘ನಗರದಲ್ಲಿ ಇಂದು’ ಅಂಕಣವನ್ನು ಬೆಳಿಗ್ಗೆ ಅಮ್ಮನ ಕೈಗೇ ಕೊಡಿ, ಅವರೇ ಆರಿಸಲಿ.

ಕುಂದಾಪುರದವ, ಈಗ ವಿಜಯನಗರ

ಮರಾಯ್ರೆ, ತೀರ್ಥಹಳ್ಳಿಯವರಿಗೆ ಎಲ್ಲರೂ ಪರಿಷೆ, ಕರಗ ಅಂತಿದ್ದೀರಿ, ಯಕ್ಷಗಾನ ಆಟದ ಸುದ್ದಿ ಯಾರೂ ತೆಗೀಲಿಲ್ಲ! ಈಗ ಜೂನ್. ಊರಲ್ಲಿ ತಿರುಗಾಟ ಮುಗಿಸುವ ಪತ್ತನಾಜೆ ದಿನ ಕಳೆದು ಮೇಳದವರು ಗೆಜ್ಜೆ ಬಿಚ್ಚಿ ಆಯ್ತು. ಮಳೆ ಮುಗಿಯುವ ತನಕ ಅಲ್ಲಿ ತಿರುಗಾಟ ಇಲ್ಲ. ಹಾಗಾಗಿ ಕಲಾವಿದರು ಬೆಂಗಳೂರಿಗೆ ಬರುವುದೇ ಈ ಮೂರ್ನಾಲ್ಕು ತಿಂಗಳು. ಕಲಾಕ್ಷೇತ್ರದಲ್ಲಿ ಶನಿವಾರ ರಾತ್ರಿ ಪೂರ್ತಿ ಆಟವೂ ಆಗ್ತದೆ, ಸಂಜೆ ಹೊತ್ತು ಮೂರು ತಾಸಿನ ಆಟವೂ ಆಗ್ತದೆ. ಕರಾವಳಿ, ಮಲೆನಾಡಿನವರ ಹೋಟೆಲ್ ಗಲ್ಲಾ ಹಿಂದಿನ ಗೋಡೆ ನೋಡಿ, ಅಲ್ಲಿ ಪೋಸ್ಟರ್ ಅಂಟಿಸಿಯೇ ಇರ್ತಾರೆ. ನನಗೆ ಫೋನಿಗಿಂತ ಮೊದಲು ಸುದ್ದಿ ಸಿಗುವುದು ಅಲ್ಲಿ.

ಒಂದು ಗಂಟೆ ಮೊದಲು ಹೋಗಿ, ಯಾರನ್ನಾದರೂ ಕೇಳಿಕೊಂಡು ಮಕ್ಕಳಿಗೆ ಚೌಕಿ (ವೇಷ ಕಟ್ಟುವ ಕೋಣೆ) ತೋರಿಸಿ. ಬಾಗಿಲ ಹತ್ತಿರ ಸುಮ್ಮನೆ ನಿಲ್ಲಬೇಕು, ಅಷ್ಟೆ. ಕನ್ನಡಿ ಮುಂದೆ ಕೂತವರು ಹಣೆಗೆ ನಾಮ ಎಳೆಯುವಾಗ ಉಸಿರು ಬಿಗಿಹಿಡೀತಾರೆ, ನೋಡುವ ಮಕ್ಕಳೂ ಬಿಗಿಹಿಡೀತಾರೆ. ಮುಂಡಾಸು ಟೋಪಿ ಹಾಗೆ ಇಟ್ಟುಕೊಳ್ಳುವುದಲ್ಲ. ತಲೆ ಮೇಲೆಯೇ ಬಟ್ಟೆ ಸುತ್ತಿ ಸುತ್ತಿ, ಜರಿ ಪಟ್ಟಿ ಬಿಗಿದು ಕಟ್ಟುವುದು. ಅದನ್ನು ಕಂಡ ಮೇಲೆ ಅವರು ರಂಗಕ್ಕೆ ಬಂದು ಗಿರಕಿ ಹೊಡೆಯುವಾಗ ಮಕ್ಕಳು ಮುಂಡಾಸನ್ನೇ ನೋಡ್ತಾರೆ, ಬಿದ್ದೀತು ಅಂತ. ಬೀಳುವುದಿಲ್ಲ. ಸ್ಪೀಕರಿನಿಂದ ದೂರ ಕೂರಿ, ಚಂಡೆಗೆ ಚಿಕ್ಕವ ಹೆದರಬಹುದು.

ಹೆಸರು ಬೇಡ, ಹೊಸಕೆರೆಹಳ್ಳಿ

ಗಣೇಶನ ಹಬ್ಬ ಮತ್ತು ನವೆಂಬರ್ ಪೂರ್ತಿ ರಾಜ್ಯೋತ್ಸವ: ನಿಮ್ಮ ಬೀದಿಯಲ್ಲೇ ಆರ್ಕೆಸ್ಟ್ರಾ. ಹಾಲಿನ ಬೂತಿನವರನ್ನ ಕೇಳಿ, ಅವರಿಗೆ ಎಲ್ಲ ಗೊತ್ತು. ರಾತ್ರಿ 10ರ ಮೇಲೆ ಧ್ವನಿವರ್ಧಕ ಇಲ್ಲ ಅನ್ನೋ ನಿಯಮ 2000ದಿಂದಲೇ ಇದೆ, ಸರ್ಕಾರ ಕೆಲವು ದಿನ ಮಾತ್ರ ಸಡಿಲಿಸಬಹುದು. ಹಾಗಾಗಿ ಒಳ್ಳೆ ಹಾಡೆಲ್ಲ ಎಂಟರಿಂದ ಹತ್ತರೊಳಗೆ. ಕುರ್ಚಿ ಮನೆಯಿಂದಲೇ ತನ್ನಿ.

ಚಿತ್ರ ಬರೆಯುವವಳು

ಜನವರಿಯ ಒಂದು ಭಾನುವಾರ ಚಿತ್ರಸಂತೆ. ಕರ್ನಾಟಕ ಚಿತ್ರಕಲಾ ಪರಿಷತ್ತಿನವರು ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ನಡೆಸ್ತಿದ್ದಾರೆ. ಕುಮಾರಕೃಪಾ ರಸ್ತೆಯಲ್ಲಿ ಆ ದಿನ ಗಾಡಿ ಇಲ್ಲ, ಬರೀ ಚಿತ್ರ. ಬೆಳಿಗ್ಗೆ ಒಂಬತ್ತರೊಳಗೆ ಬನ್ನಿ. ಹನ್ನೊಂದಾದ ಮೇಲೆ ಚಿತ್ರ ಕಾಣಲ್ಲ, ಮುಂದಿನವರ ಬೆನ್ನು ಕಾಣತ್ತೆ. ನಾನು ಮೂರು ವರ್ಷ ಫುಟ್‌ಪಾತ್ ಮೇಲೆ ಕೂತಿದ್ದೀನಿ, ಒಂದು ಮಾತು ಹೇಳಲಾ? ಚಿತ್ರದ ಪಕ್ಕ ನಿಂತು ಸೆಲ್ಫಿ ತಗೊಂಡು ಸುಮ್ಮನೆ ಹೋಗೋರು ನೂರು ಜನ. ಒಬ್ಬ ಅಜ್ಜಿ ಮಾತ್ರ ನನ್ನ ಅಡಿಕೆ ತೋಟದ ಚಿತ್ರ ನೋಡಿ “ಇದು ಮಳೆ ಬರೋಕೆ ಮುಂಚಿನ ಬಿಸಿಲು” ಅಂದ್ರು. ನಾನು ಬರೆದದ್ದು ಅದನ್ನೇ. ಅವರು ಕೊಳ್ಳಲಿಲ್ಲ, ಆದ್ರೂ ಆ ವರ್ಷ ನನಗೆ ವ್ಯಾಪಾರ ಆಯ್ತು ಅಂತಲೇ ಲೆಕ್ಕ. ಮಕ್ಕಳಿಗೆ ಬೇಕಿದ್ದರೆ ಅಲ್ಲೇ ಮುಖ ಬರೆದು ಕೊಡುವವರೂ ಇರ್ತಾರೆ, ನಾಲ್ಕು ವರ್ಷದವನು ಹತ್ತು ನಿಮಿಷ ಅಲ್ಲಾಡದೇ ಕೂತರೆ!

ಕೇಳಿದವರು, ಎರಡು ವಾರದ ಮೇಲೆ

ಎಲ್ಲರಿಗೂ ಥ್ಯಾಂಕ್ಸ್. ಕುಂದಾಪುರದವರು ಹೇಳಿದ ಹಾಗೆ ಹೋಟೆಲ್ ಗಲ್ಲಾ ಹಿಂದೆ ನೋಡಿದೆ, ಪೋಸ್ಟರ್ ಇತ್ತು! ಸಂಜೆಯ ಆಟಕ್ಕೆ ಹೋದ್ವಿ, ಅಂಚಿನ ಕುರ್ಚಿ. ಮಗಳು ಚೌಕಿ ಬಾಗಿಲಲ್ಲಿ ಅರ್ಧ ಗಂಟೆ ನಿಂತಿದ್ದಳು. ಮಗ ಮೊದಲ ಚಂಡೆಗೇ ಅತ್ತು, ಎರಡನೇದಕ್ಕೆ ಕುಣಿದು, ಕೌರವ ಕೊಳದಲ್ಲಿ ಅಡಗೋ ಹೊತ್ತಿಗೆ ನನ್ನ ಹೆಗಲ ಮೇಲೆ ನಿದ್ದೆ. ಅಮ್ಮ ಮೂರು ಗಂಟೆ ಮಂಡಿ ಸುದ್ದಿ ಎತ್ತಲಿಲ್ಲ.

ವಾಪಸ್ ಬರುವಾಗ ಆಟೋದಲ್ಲಿ “ಹೇಗಿತ್ತಮ್ಮ” ಅಂದೆ. “ಭಾಗವತರಿಗೆ ಬಸ್ಸು ಹಿಡಿಯೋ ಅವಸರ ಇತ್ತೇನೋ, ಪದ ಎಲ್ಲ ಓಡಿಸಿಬಿಟ್ರು. ಭೀಮ ಪರವಾಗಿಲ್ಲ. ಕೌರವನಿಗೆ ಮಾತು ಸಾಲದು” ಅಂತ ಶುರು ಮಾಡಿದವರು ಬನಶಂಕರಿ ತನಕ ನಿಲ್ಲಿಸಲಿಲ್ಲ. ಗೇಟಿನ ಹತ್ತಿರ ಇಳಿಯುವಾಗ ಕೇಳಿದ್ರು, ರಾತ್ರಿ ಪೂರ್ತಿ ಆಟ ಯಾವಾಗ ಅಂತ. ವಿಜಯನಗರದವರೇ, ಶನಿವಾರದ್ದು ಏನಾದ್ರೂ ಇದ್ಯಾ?