ಸಭೆ ಬೆಳೆದ ಮೇಲೆ ದೀನತೆಯನ್ನೂ ಸುವಾರ್ತಾ ಸೇವೆಯನ್ನೂ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಸಭಾಸದ, ಬಳ್ಳಾರಿ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಬಾಡಿಗೆ ಹಾಲಿನಲ್ಲಿ ಕೂಡುತ್ತಿದ್ದ ನಮ್ಮ ಕ್ರೈಸ್ತ ಸಭೆಗೆ ಈಗ ಸ್ವಂತ ದೇವಾಲಯವಿದೆ, ಕಟ್ಟಡದ ಸಾಲ ತೀರಿದೆ, ಭಾನುವಾರದ ಎರಡು ಆರಾಧನೆಗಳಲ್ಲಿಯೂ ಕುರ್ಚಿ ಸಾಲದೆ ಜನರು ಹೊರಗೆ ಶಾಮಿಯಾನದಡಿ ಕುಳಿತುಕೊಳ್ಳುತ್ತಾರೆ. ಇದೆಲ್ಲವೂ ದೇವರ ಕೃಪೆ ಎಂದು ವಾರ್ಷಿಕ ವರದಿಯ ಮೊದಲ ಸಾಲಿನಲ್ಲಿ ಬರೆಯುತ್ತೇವೆ. ಉಳಿದ ಪುಟಗಳು ಮಾತ್ರ ನಮ್ಮ ಸಾಧನೆಗಳ ಪಟ್ಟಿಯಂತಿರುತ್ತವೆ. ಸಿರುಗುಪ್ಪದ ಕಡೆಯ ಹಳ್ಳಿಯೊಂದರಲ್ಲಿ ನಮ್ಮ ಹಿರಿಯರೇ ಆರಂಭಿಸಿದ ಪ್ರಾರ್ಥನಾ ಮನೆಗೆ ಈಗ ಬೀಗ ಬಿದ್ದಿದೆ. ಕಿಟಕಿಯಿಂದ ಇಣುಕಿದರೆ ಮಡಚಿಟ್ಟ ಜಮಖಾನೆ, ಅದರ ಮೇಲೆ ಚರ್ಮ ಹರಿದ ಡೋಲಕ್ ಕಾಣುತ್ತವೆ. ಈ ವಿಷಯವನ್ನು ಕಮಿಟಿಯಲ್ಲಿ ಎತ್ತಿದಾಗ, ಮೊದಲು ಎ.ಸಿ. ಕೆಲಸ ಮುಗಿಯಲಿ ಎಂಬ ಉತ್ತರ ಬಂತು. ಹೇಳಿದವರು ಕೆಟ್ಟವರಲ್ಲ, ಸಭೆಗಾಗಿ ದುಡಿದವರೇ. ಬೆಳೆದ ಸಭೆಯೊಂದು ತಾನು ತಲುಪಬೇಕಾದಲ್ಲಿಗೆ ತಲುಪಿಬಿಟ್ಟೆನೆಂದು ನಿಂತುಬಿಡದಂತೆ ನೋಡಿಕೊಳ್ಳಲು ಪ್ರಸಂಗವಲ್ಲದೆ ಬೇರೆ ಯಾವ ದಾರಿಯಿದೆ?

ಉತ್ತರ 1: ನಿವೃತ್ತ ಶಿಕ್ಷಕ, ರಾಯಚೂರು

ಸಹೋದರರೇ, ತಾವು ಕೇಳಿದ ಪ್ರಶ್ನೆಗೆ ತಮ್ಮ ಊರಿನ ಚರಿತ್ರೆಯಲ್ಲಿಯೇ ಸ್ವಲ್ಪ ಉತ್ತರವಿದೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಕನ್ನಡದ ಸಂಪೂರ್ಣ ಬೈಬಲು ಅದೇ ಬಳ್ಳಾರಿಯಲ್ಲಿ ಅಚ್ಚಾಗಿ ಹೊರಬಂದದ್ದು 1831ರಲ್ಲಿ. ನಡುವಿನ ಎರಡು ದಶಕಗಳಲ್ಲಿ ಅವರೊಂದಿಗೆ ಕುಳಿತು ಕನ್ನಡ ಕಲಿಸಿದ, ವಾಕ್ಯ ತಿದ್ದಿದ ಪಂಡಿತರ ಹೆಸರುಗಳನ್ನು ನಮ್ಮ ಸಭೆಗಳಲ್ಲಿ ಎಷ್ಟು ಜನ ಹೇಳಬಲ್ಲರು? ಆ ಅನುವಾದವೂ ಅಂತಿಮವಾಗಿ ಉಳಿಯಲಿಲ್ಲ. ಮುಂದಿನವರು ಅದನ್ನು ಪರಿಷ್ಕರಿಸಿದರು, ಇಂದು ನಮ್ಮ ಕೈಯಲ್ಲಿರುವ ಪಾಠ ಹ್ಯಾಂಡ್ಸ್ ಅವರದಲ್ಲ. ನೆಟ್ಟವನೂ ನೀರು ಹೊಯ್ದವನೂ ಮುಖ್ಯರಲ್ಲ, ಬೆಳೆಸುವ ದೇವರೇ ಮುಖ್ಯನೆಂದು ಪೌಲನು ಕೊರಿಂಥದವರಿಗೆ ಬರೆದದ್ದನ್ನು ಇಂಥ ಕಡೆ ನಿಂತು ಓದಬೇಕು.

ಬೆಳೆದ ಸಭೆಗೆ ನಾನು ತೋರಿಸುವ ಮಾದರಿ ಅಪೊಸ್ತಲರ ಕಾಲದ ಅಂತಿಯೋಕ್ಯ ಪಟ್ಟಣದ ಸಭೆ. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಂದದ್ದು ಅಲ್ಲಿ, ಯೂದಾಯದವರ ಬರಗಾಲಕ್ಕೆ ಹಣ ಕಳುಹಿಸುವಷ್ಟು ಅನುಕೂಲವೂ ಅಲ್ಲಿತ್ತು. ಅಪೊಸ್ತಲರ ಕೃತ್ಯಗಳು 13ನೇ ಅಧ್ಯಾಯದಲ್ಲಿ ಆ ಸಭೆಯವರು ಉಪವಾಸವಿದ್ದು, ಪ್ರಾರ್ಥಿಸಿ ಕಳುಹಿಸಿಕೊಟ್ಟದ್ದು ಯಾರನ್ನು? ಬಾರ್ನಬನನ್ನು ಮತ್ತು ಮುಂದೆ ಪೌಲನೆನಿಸಿಕೊಂಡ ಸೌಲನನ್ನು, ಅಂದರೆ ತಮಗೆ ವರ್ಷವಿಡೀ ಬೋಧಿಸಿದ್ದವರನ್ನೇ. ನಾವಾದರೋ ಒಳ್ಳೆಯ ಪ್ರಸಂಗಿಯನ್ನು ನಗರದ ಪೀಠಕ್ಕೆ ಇಟ್ಟುಕೊಂಡು, ಇನ್ನೂ ಪ್ರಸಂಗ ಕಲಿಯುತ್ತಿರುವ ಹುಡುಗನನ್ನು ಹಳ್ಳಿಗೆ ಕಳುಹಿಸುತ್ತೇವೆ. ತಮ್ಮ ಸಭಾಪಾಲಕರಾದ ಅಯ್ಯನವರೇ ತಿಂಗಳಿಗೊಂದು ಭಾನುವಾರ ಆ ಹಳ್ಳಿಯಲ್ಲಿರಲಿ. ನಗರದ ಆರಾಧನೆಯನ್ನು ಅಂದು ಹಿರಿಯರು ನಡೆಸಲಿ. ಜನ ಕಡಿಮೆಯಾದರೆ, ಅವರು ಯಾರನ್ನು ಕೇಳಲು ಬರುತ್ತಿದ್ದರೆಂಬುದಾದರೂ ತಿಳಿಯುತ್ತದೆ.

ಉತ್ತರ 2: ಖಜಾಂಚಿ, ಸಿಂಧನೂರು

ಗುರುಗಳ ಮಾತಿಗೆ ಲೆಕ್ಕದವನ ಮಾತೊಂದನ್ನು ಸೇರಿಸುತ್ತೇನೆ. ಬಜೆಟ್ಟಿನಲ್ಲಿ ಸುವಾರ್ತಾ ಸೇವೆಯನ್ನು ಕೊನೆಯ ಕಲಮಿಗೆ ಇಟ್ಟರೆ ಉಳಿದ ಹಣ ಅದಕ್ಕೆ ಹೋಗುತ್ತದೆ, ಮತ್ತು ಯಾವ ಸಭೆಯಲ್ಲಿಯೂ ಹಣ ಉಳಿಯುವುದಿಲ್ಲ. ಸುಗ್ಗಿ ಹಬ್ಬದಲ್ಲಿ ಕಾಣಿಕೆಯಾಗಿ ಬಂದ ಬೆಳೆಯ ಹರಾಜಿನಿಂದ ಬಂದದ್ದನ್ನು ಪೂರ್ತಿಯಾಗಿ ಹೊರಗಿನ ಸೇವೆಗೆಂದು ಮೊದಲೇ ಠರಾವು ಮಾಡಿ, ಬೇರೆ ಬ್ಯಾಂಕ್ ಖಾತೆಯಲ್ಲಿಡಿರಿ. ಕಾಣಿಕೆ ಕೊಟ್ಟವರ ಹೆಸರನ್ನು ಮೈಕಿನಲ್ಲಿ ಓದುವ ಪದ್ಧತಿಯಿದ್ದರೆ ಅದನ್ನೂ ನಿಲ್ಲಿಸಿರಿ. ನಮ್ಮಲ್ಲಿ ನಿಲ್ಲಿಸಿದಾಗ ಕೆಲವರಿಗೆ ಬೇಸರವಾಯಿತು, ಕಾಣಿಕೆಯೇನೂ ತಗ್ಗಲಿಲ್ಲ.

ಉತ್ತರ 3: ಸ್ತ್ರೀಯರ ಕೂಟದ ಸದಸ್ಯೆ, ಕುಷ್ಟಗಿ

ಹಿರಿಯರಿಬ್ಬರೂ ಹೇಳಿದ್ದನ್ನು ಗೌರವದಿಂದಲೇ ಓದಿದೆನಾದರೂ ಒಂದು ವಿಷಯವನ್ನು ಒಪ್ಪಲಾರೆ. ಇಬ್ಬರ ಮಾತಿನಲ್ಲಿಯೂ ನಗರದ ಸಭೆ ಕೊಡುವ ಸ್ಥಾನದಲ್ಲಿದೆ, ಹಳ್ಳಿ ಕೈಚಾಚುವ ಸ್ಥಾನದಲ್ಲಿದೆ. ದೀನತೆ ಕೆಡುವುದು ಅಲ್ಲಿಯೇ ಎಂದು ನನಗೆ ತೋರುತ್ತದೆ. ಲವೊದಿಕೀಯ ಪಟ್ಟಣ ಕ್ರಿ.ಶ. 60ರ ಭೂಕಂಪದಲ್ಲಿ ಹಾಳಾದಾಗ ರೋಮಿನ ಸಹಾಯವಿಲ್ಲದೆ ತನ್ನ ಹಣದಿಂದಲೇ ಪುನಃ ಎದ್ದು ನಿಂತ ಪಟ್ಟಣ. ಪ್ರಕಟನೆ ಗ್ರಂಥ ಹೇಳುವಂತೆ ಅಲ್ಲಿಯ ಸಭೆಗೂ ತನಗೆ ಯಾವುದರ ಕೊರತೆಯೂ ಇಲ್ಲವೆಂಬ ಮಾತೇ ಬಾಯಿಗೆ ಬಂತು. ಹಣವಿದ್ದದ್ದಕ್ಕಿಂತ, ಬೇರೆಯವರಿಂದ ತನಗೇನೂ ಬೇಕಾಗಿಲ್ಲವೆಂದುಕೊಂಡದ್ದು ಆ ಸಭೆಯ ರೋಗವಾಗಿತ್ತು.

ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಅರ್ಧ ಊರು ಬೆಂಗಳೂರು, ಮಂಗಳೂರು, ಗೋವೆ ಎಂದು ಗುಳೆ ಹೋಗುತ್ತದೆ. ಊರಿನಲ್ಲಿ ಉಳಿಯುವ ಮುದುಕಿಯರೂ ಮಕ್ಕಳೂ ಸಂಜೆ ಒಬ್ಬರ ಕಟ್ಟೆಯ ಮೇಲೆ ಕುಳಿತು, ಓದು ಬಾರದಿದ್ದರೂ ಬಾಯಿಪಾಠವಿರುವ ಕೀರ್ತನೆಗಳನ್ನು ಹಾಡಿ, ಗುಳೆ ಹೋದವರ ಹೆಸರುಗಳನ್ನು ಒಂದೊಂದಾಗಿ ಹೇಳಿ ಪ್ರಾರ್ಥಿಸುತ್ತಾರೆ. ಹಾಗೆ ಪ್ರಾರ್ಥಿಸುವುದನ್ನು ನಗರದ ಸಭೆ ಅವರಿಂದ ಕಲಿಯಬೇಕಾಗಿದೆ. ಬಳ್ಳಾರಿಯ ಸಹೋದರರೇ, ಬೀಗ ತೆಗೆಸುವ ಮೊದಲು ಆ ಹಳ್ಳಿಯ ಹೆಂಗಸರನ್ನು ಕೇಳಿದ್ದೀರಾ? ಸಿರುಗುಪ್ಪದ ಕಡೆ ಭತ್ತದ ನಾಟಿ ನಡೆಯುವಾಗ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಆರಾಧನೆಯಿಟ್ಟರೆ ಕೂಲಿ ಬಿಟ್ಟು ಯಾರು ಬರುತ್ತಾರೆ? ಪ್ರಾರ್ಥನಾ ಮನೆ ಮುಚ್ಚಿದ್ದಕ್ಕೆ ಅವರ ಅಸಡ್ಡೆ ಕಾರಣವೋ, ನಾವು ಗೊತ್ತುಮಾಡಿದ ಸಮಯ ಕಾರಣವೋ? ಕಮಿಟಿಯಲ್ಲಿ ಆ ಹಳ್ಳಿಯವರಿಗೆ ಒಂದು ಸ್ಥಾನವಾದರೂ ಇದೆಯೇ? ಸೇವೆಗೆಂದು ಹೋದವರು ಆ ಮನೆಗಳಲ್ಲಿ ಕುಳಿತು ಉಂಡು ಬರುತ್ತಾರೋ, ಅಥವಾ ತಮ್ಮ ಊಟದ ಪೊಟ್ಟಣವನ್ನು ಜೀಪಿನಲ್ಲಿಯೇ ಬಿಚ್ಚುತ್ತಾರೋ?

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ: ಸಭಾಸದ, ಬಳ್ಳಾರಿ

ಮೂವರಿಗೂ ವಂದನೆಗಳು. ಕುಷ್ಟಗಿಯ ಅಕ್ಕನವರು ಕೇಳಿದ್ದಕ್ಕೆ ಉತ್ತರ: ಕಮಿಟಿಯಲ್ಲಿ ಹಳ್ಳಿಯವರು ಯಾರೂ ಇಲ್ಲ, ಆರಾಧನೆಯ ಸಮಯವನ್ನು ಗೊತ್ತುಮಾಡಿದವರು ನಾವೇ. ಬೇರೆ ಖಾತೆಯ ಠರಾವನ್ನು ಕಮಿಟಿ ಮುಂದಿನ ಬಾರಿ ಕೂಡಿದಾಗ ಮಂಡಿಸುತ್ತೇನೆ. ಅದಕ್ಕಿಂತ ಮೊದಲು ನಮ್ಮ ಸ್ತ್ರೀಯರ ಕೂಟದವರು ಆ ಹಳ್ಳಿಗೆ ರಾತ್ರಿ ಊಟದ ಹೊತ್ತಿಗೆ ಹೋಗಿ ಬರಲಿ ಎಂದು ಅಯ್ಯನವರಲ್ಲಿ ಕೇಳಿಕೊಂಡಿದ್ದೇನೆ. ಅವರು ಒಪ್ಪಿದ್ದಾರೆ, ಎ.ಸಿ. ವಿಷಯದಲ್ಲಿ ಕಮಿಟಿ ಇನ್ನೂ ಒಪ್ಪಿಲ್ಲ.