ಮಣ್ಣಿನ ತಲಿ ಆವಿಗ್ಯಾಗ ಒಡೀತು, ಎಲ್ಲಿ ತಪ್ಪಾತು?

ಪ್ರಶ್ನೆ, ಬೆಳಗಾವಿಯಿಂದ:
ಎಲ್ಲಾರಿಗೂ ನಮಸ್ಕಾರ್ರೀ. ನಮ್ಮ ಆಯಿ ಮುಖ ಮಣ್ಣಾಗ ಮಾಡಿದ್ದೆ, ಒಂದು ಗೇಣು ಎತ್ತರ, ಖಾನಾಪುರ ಕಡಿಂದ ತರಿಸಿದ ಮಣ್ಣು. ಸಣ್ಣಾಕಿ ಇದ್ದಾಗಿಂದ ಮಣ್ಣೆತ್ತು, ಗುಳ್ಳವ್ವ ಮಾಡಕೋತ ಬಂದೀನಿ, ಮಣ್ಣು ಕೈಗೆ ಹೊಸಾದಲ್ಲ, ಆದ್ರ ಸುಡೂದು ಇದ ಮೊದಲ. ಹತ್ತು ದಿನ ನೆರಳಾಗ ಒಣಗಿಸಿ ನಮ್ಮ ಕಡೆ ಕುಂಬಾರ ಕಾಕಾರ ಆವಿಗ್ಯಾಗ ಇಟ್ವಿ, ಸ್ವಲ್ಪ ಹೊತ್ತಿಗೆ ಒಳಗ ಢಬ್ ಅಂತ ಸಪ್ಪಳ ಬಂತು, ತಗದು ನೋಡಿದ್ರ ತಲಿ ಹಿಂದಿನ ಭಾಗ ಚೂರಚೂರು, ತುರುಬು ಬ್ಯಾರೇನ ಬಿದ್ದಿತ್ತು, ಮೂಗು ಮತ್ತ ಒಂದು ಕಿವಿ ಬುಗುಡಿ ಸಮೇತ ಹಂಗ ಉಳದಾವು. ಒಳಗ ಪೂರ್ತಿ ಗಟ್ಟಿ ಮಣ್ಣ ಇತ್ತು, ಪೊಳ್ಳು ಮಾಡಿರಲಿಲ್ಲ. ವಿಡಿಯೋದಾಗ ಲೆದರ್ ಹಾರ್ಡ್, ಸ್ಲಿಪ್, ಬಿಸ್ಕ್ ಅಂತಾರಲ್ಲ, ಅವು ಏನ್ರೀ? ಆಯಿ ಈಗಿಲ್ಲ, ಇನ್ನೊಮ್ಮೆ ಮಾಡಬೇಕಂತೀನಿ.

ಉತ್ತರ, ಬಾಗಲಕೋಟೆಯಿಂದ:
ಅಕ್ಕಾರ, ಓದಿ ಭಾಳ ಕೆಟ್ಟ ಅನಿಸ್ತು. ಕಾರಣ ನೀವ ಬರದೀರಿ, ಒಳಗ ಗಟ್ಟಿ ಮಣ್ಣು. ಮ್ಯಾಲೆ ಒಣಗಿದ್ರೂ ನಡುವ ಹಸಿ ಉಳದಿರತೈತಿ, 100 ಡಿಗ್ರಿ ದಾಟಿದ ಕೂಡ್ಲೆ ಆ ನೀರು ಉಗಿ ಆಗಿ ಹೊರಗ ಬರಾಕ ದಾರಿ ಸಿಗದ ಒಡೀತೈತಿ. ಗಾಳಿ ಗುಳ್ಳಿಯಿಂದ ಒಡೀತೈತಿ ಅಂತ ಎಲ್ಲಾರೂ ಹೇಳ್ತಾರ, ಖರೆ ಅಂದ್ರ ಒಡಿಯೂದು ಹಸಿಯಿಂದ. ಆದ್ರೂ ಮಣ್ಣು ಚೊಲೊತ್ನಾಗಿ ನಾದ್ರಿ, ಚಪಾತಿ ಹಿಟ್ಟಿನಗತೆ ಅಂಗೈಲೆ ಒತ್ತಿ ಒತ್ತಿ, ಎಲ್ಲಾ ಕಡೆ ಒಂದ ಸಮ ಆಗೂತನಕ.

ಲೆದರ್ ಹಾರ್ಡ್ ಅಂದ್ರ ಅರೆಒಣಗಿದ ಹದ, ಬೆರಳು ಒತ್ತಿದ್ರ ತಗ್ಗು ಬೀಳಂಗಿಲ್ಲ, ಉಗುರಿಲೆ ಗೀರಿದ್ರ ಗೀರು ಬೀಳತೈತಿ. ಪೊಳ್ಳು ಮಾಡೂದು ಆ ಹದಕ್ಕ. ನೆತ್ತಿ ದಾರದಲೆ ಟೊಪ್ಪಿಗಿಗತೆ ಕೊಯ್ದು ತಗೀರಿ, ಚಮಚಾದ್ಲೆ ಒಳಗಿನ ಮಣ್ಣು ಕೆರದು ಗ್ವಾಡಿ ಹೆಬ್ಬೆಟ್ಟಿನ ದಪ್ಪ, ಒಂದೂವರಿ ಎರಡು ಸೆಂಟಿಮೀಟರ್ ಬಿಡ್ರಿ, ಆಮ್ಯಾಗ ಎರಡೂ ಅಂಚಿಗೆ ಹಳೇ ಫೋರ್ಕಿಲೆ ಅಡ್ಡ ಉದ್ದ ಗೀರಿ, ಸ್ಲಿಪ್ ಹಚ್ಚಿ, ಅಲುಗಾಡಿಸಿ ಒತ್ತಿ ಕೂಡಸ್ರಿ. ಸ್ಲಿಪ್ ಅಂದ್ರ ಅದ ಮಣ್ಣು ನೀರಾಗ ಕಲಸಿದ ಮಸರಿನಂಥಾ ರಾಡಿ. ತುರುಬು ಬಿದ್ದದ್ದು ಇದ ಮಾಡದ್ದಕ್ಕ ಇರಬೇಕು, ಇಲ್ಲಾ ತಲಿ ಒಣಗಿದ ಮ್ಯಾಲೆ ಹಸಿ ತುರುಬು ಹಚ್ಚಿರಬೇಕು. ಒಣಗೂದು ಸುಡೂದು ಕೂಡಿ ಮಣ್ಣು ನೂರಕ್ಕ ಹತ್ತರಷ್ಟು ಕುಗ್ಗಬಹುದು, ಒಂದು ಮೊದಲ ಕುಗ್ಗಿ ಇನ್ನೊಂದು ಆಮ್ಯಾಗ ಕುಗ್ಗಿದ್ರ ಸಂದು ಬಿಡತೈತಿ. ಅದಕ್ಕ ಒಳಗ ತಂತಿ ಇಟ್ಟೂ ಸುಡಬ್ಯಾಡ್ರಿ, ತಂತಿ ಕುಗ್ಗಂಗಿಲ್ಲ. ಪೊಳ್ಳಿನೊಳಗಿನ ಉಗಿ ಹೊರಗ ಹೋಗಾಕ ತಳಕ್ಕೊಂದು ತೂತ ಮರೀಬ್ಯಾಡ್ರಿ.

ಬಿಸ್ಕ್ ಅಂದ್ರ ಗ್ಲೇಜ್, ಅಂದ್ರ ಗಾಜಿನಂಥಾ ಹೊಳಪಿನ ಲೇಪ, ಹಚ್ಚೂಕಿಂತ ಮೊದಲಿನ ಸುಡೂದು, ಸುಮಾರು 900ರಿಂದ 1000 ಡಿಗ್ರಿ. ಟೆರ್‍ರಾಕೋಟಾಕ್ಕ ಒಂದ ಸಲ ಸುಟ್ರ ಸಾಕು, ಆಯಿ ಮುಖಕ್ಕ ಆ ಕೆಂಪ ಚೆಂದ.

ಉತ್ತರ, ವಿಜಯಪುರದಿಂದ:
ನಡುವ ಒಂದು ಕೇಳ್ತೀನ್ರಿ, ನಮ್ಮಲ್ಲಿ ಎರಿ ಮಣ್ಣ ಸಿಗೂದು, ಮಣ್ಣೆತ್ತು ಅದರಾಗ ಮಾಡ್ತೀವಿ, ಅದನ್ನ ಸುಡಬಹುದನ?

ಉತ್ತರ, ಖಾನಾಪುರ ತಾಲೂಕಿಂದ:
ನಮ್ಮದು ಕುಂಬಾರರ ಮನಿ, ಅಪ್ಪಾರ ಕೈಯಾಗ ತಿಗರಿ ತಿರುಗೂದು ನೋಡಕೋತ ಬೆಳದೀನಿ. ವಿಜಯಪುರದ ಅಣ್ಣಾರ, ಬರೇ ಎರಿ ಬ್ಯಾಡ್ರಿ, ಬ್ಯಾಸಗ್ಯಾಗ ನಿಮ್ಮ ಹೊಲ ಕೈ ಹೋಗೂವಷ್ಟು ಬಿರೀತೈತಲ್ಲ, ಗೊಂಬಿನೂ ಹಂಗ ಬಿರೀತೈತಿ. ಕೆರಿ ಮಣ್ಣು ತಗೊಂಡು ಸಣ್ಣ ಉಸುಕು ಕೂಡಸ್ರಿ, ಇಲ್ಲಾ ಹಳೇ ಹೆಂಚು ಕುಟ್ಟಿ ಜರಡಿ ಹಿಡದು ಆ ಪುಡಿ ಹಾಕ್ರಿ, ಕುಗ್ಗೂದು ಕಡಿಮಿ ಆಗತೈತಿ. ವಿಡಿಯೋದವ್ರು ಗ್ರಾಗ್ ಅನ್ನೂದು ಅದಕ್ಕ.

ಬೆಳಗಾವಿ ಅಕ್ಕಾ, ಮಳಿಗಾಲದಾಗ ಹತ್ತು ದಿನ ಏನೇನೂ ಸಾಲಂಗಿಲ್ಲ. ಮೊದಲ ನಾಕೈದು ದಿನ ಹಾಳಿ ಮುಚ್ಚಿ ನಿಧಾನ ಒಣಗಸ್ರಿ, ಕಿವಿ ಮೂಗು ಲಗೂನ ಒಣಗ್ತಾವು, ಅವಕ್ಕ ಹಸಿ ಅರಬಿ ಸುತ್ರಿ. ಒಣಗೇತೋ ಇಲ್ಲೋ ಅನ್ನೂದಕ್ಕ ನಮ್ಮವ್ವ ಮಡಕಿ ಎತ್ತಿ ಗಲ್ಲಕ್ಕ ಹಚಗೊಂಡು ನೋಡ್ತಿದ್ಲು, ತಣ್ಣಗ ಹತ್ತಿದ್ರ ಒಳಗ ಇನ್ನೂ ನೀರೈತಿ. ಅಡಗಿಮನಿ ತಕ್ಕಡಿ ಇದ್ರ ದಿನಾ ತೂಗ್ರಿ, ತೂಕ ಇಳಿಯೂದು ನಿಂತ ಮ್ಯಾಲೆ ಆವಿಗಿಗೆ ಕೊಡ್ರಿ. ಕಾಕಾರಿಗೆ ಹೇಳ್ರಿ, ಮೊದಲ ಮೂರು ನಾಕು ತಾಸು ಬರೇ ಹೊಗಿ ಶಾಖ ಇರಲಿ, ಆಮ್ಯಾಗ ಉರಿ ಏರಸ್ರಿ ಅಂತ. ಸುಟ್ಟಾದ ಮ್ಯಾಲೆ ಆವಿಗಿ ತಾನ ಆರೂತನಕ ತಗೀಬ್ಯಾಡ್ರಿ, 573 ಡಿಗ್ರಿ ಹತ್ತಿರ ಮಣ್ಣಾಗಿನ ಉಸುಕಿನ ಹರಳು ಒಮ್ಮೆಲೆ ಕುಗ್ತಾವು, ಅವಾಗ ತಂಗಾಳಿ ಹೊಕ್ರ ಸೀಳು ಬಿಡತೈತಿ.

ಪ್ರಶ್ನೆ ಕೇಳಿದಾಕಿ:
ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ತುರುಬು ನಾನು ಮರದಿನ ಹಚ್ಚಿದ್ದೆ, ಬರೇ ನೀರು ಸವರಿ. ಉಳದ ಕಿವಿ ನೋಡ್ಕೊಂಡ ಹೊಸಾದು ಮಾಡ್ತೀನಿ, ಒಡದ ಚೂರು ಕುಟ್ಟಿ ಅದರ ಪುಡಿನ ಮಣ್ಣಿಗೆ ಕೂಡಸ್ತೀನಿ, ನಡೀತೈತಲ್ರಿ?

ಖಾನಾಪುರ ತಾಲೂಕಿಂದ:
ನಡೀತೈತಿ ಅಕ್ಕಾ. ಸಣ್ಣ ಜರಡ್ಯಾಗ ಸೋಸ್ರಿ, ಹತ್ತು ಪಾಲು ಮಣ್ಣಿಗೆ ಎರಡು ಪಾಲು ಹಾಕ್ರಿ.