ಅಪ್‌ಡೇಟ್: ಹಾಸ್ಟೆಲ್‌ನಲ್ಲಿ ಮಂಗನಬಾವು, ತಮ್ಮನಿಗೂ ಬಂತು

ತಮ್ಮನ ರೂಮ್‌ಮೇಟ್‌ಗೆ ಮಂಗನಬಾವು ಬಂದಿದೆ, ಇವನಿಗೆ ಚಿಕ್ಕಂದಿನಲ್ಲೇ ಎಲ್ಲ ಲಸಿಕೆ ಆಗಿದೆ, ಹೆದರಬೇಕಾ ಅಂತ ಹೋದ ತಿಂಗಳು ಕೇಳಿದ್ದೆ. 17ನೇ ದಿನ ಅವನ ಎಡಗಿವಿಯ ಕೆಳಗೂ ಊದಿಕೊಂಡಿತು.

"ಹಳೇ ಲಸಿಕೆ ಕಾರ್ಡ್ ತೆಗೆದು ನೋಡಿ" ಅಂದವರಿಗೆ ದೊಡ್ಡ ಥ್ಯಾಂಕ್ಸ್. ಅಮ್ಮ ಟ್ರಂಕ್‌ನಿಂದ ತೆಗೆದ ಕಾರ್ಡ್‌ನಲ್ಲಿ ಬರೀ ದಡಾರ ಅಂತ ಇತ್ತು. 2017ರಲ್ಲಿ ಶಾಲೆಯಲ್ಲಿ ಹಾಕಿದ್ದು ಎಂಆರ್, ಅಂದರೆ ದಡಾರ ಮತ್ತು ರುಬೆಲ್ಲಾ ಮಾತ್ರ. ಮಂಗನಬಾವಿಗೆ ಎಂಎಂಆರ್ ಬೇಕು, ಅಂದರೆ ಈ ಎರಡರ ಜೊತೆ ಮಂಗನಬಾವನ್ನೂ ತಡೆಯುವ ಲಸಿಕೆ. ಅದು ನಮ್ಮ ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಇರಲೇ ಇಲ್ಲ! ಇಷ್ಟು ವರ್ಷ ನಮಗೆ ಗೊತ್ತೇ ಇರಲಿಲ್ಲ.

ಅರಿಶಿನದ ಪಟ್ಟು ಹಾಕಿದೆವು, ಊತ ಇಳಿಯಲಿಲ್ಲ. ನಿಂಬೆ ಶರಬತ್ತು ಕೊಟ್ಟಿದ್ದು ತಪ್ಪಾಯ್ತು, ಹುಳಿ ತಾಗಿದರೆ ನೋವು ಜಾಸ್ತಿ. ಇದು ವೈರಸ್, ಆಂಟಿಬಯಾಟಿಕ್ ಬೇಡ ಅಂದರು ಡಾಕ್ಟರ್. ಪ್ಯಾರಾಸಿಟಮಾಲ್, ತಣ್ಣನೆಯ ಬಟ್ಟೆ, ರಾಗಿ ಗಂಜಿ. ಊತ ಬಂದ ಮೇಲೆ 5 ದಿನ ಬೇರೆ ಕೋಣೆ. ಇಷ್ಟೇ ಸಾಕಾಯ್ತು.

ಒಂದು ವಿಷಯ ಮಾತ್ರ ಹುಡುಗರಿಗೆ ಹೇಳಲೇಬೇಕು. ವಾರದ ನಂತರ ಅವನಿಗೆ ವೃಷಣ ಊದಿ ಜ್ವರ ಮರುಕಳಿಸಿತು. ನಾಚಿಕೆಯಿಂದ ಒಂದು ದಿನ ಯಾರಿಗೂ ಹೇಳಿರಲಿಲ್ಲ, ಪಾಪ. ಪ್ರಾಯದ ಹುಡುಗರಿಗೆ ಹೀಗಾಗುವುದುಂಟು, ಇದರಿಂದ ಮಕ್ಕಳಾಗದೇ ಹೋಗುವುದು ತೀರಾ ಅಪರೂಪ ಅಂತ ಡಾಕ್ಟರ್ ಧೈರ್ಯ ಹೇಳಿದರು. ಈಗ ಆರಾಮಾಗಿದ್ದಾನೆ.

ಅವನ ಗೆಳೆಯರು ಎಂಎಂಆರ್ ಮೊದಲ ಡೋಸ್ ಹಾಕಿಸಿಕೊಂಡರು. ಈಗಾಗಲೇ ಸೋಂಕು ತಗುಲಿದ್ದರೆ ಅದು ತಡೆಯದೇ ಇರಬಹುದು, ಮುಂದಕ್ಕೆ ರಕ್ಷಣೆ. 4 ವಾರ ಬಿಟ್ಟು ಎರಡನೆಯದು.